ಉಪವಾಸವಿದ್ದರೂ ಇನ್ಸುಲಿನ್ ಬೇಕು

ಬೇಸಿಗೆ ರಜೆ ಬಂತೆಂದರೆ ಮಕ್ಕಳ ಟಾನ್ಸಿಲ್, ಹರ್ನಿಯಾದಂಥ ಆಪರೇಷನ್‌ಗಳಿಗೆ ದಿನ ಗೊತ್ತುಮಾಡುವ ಮನೆಗಳು ಹಲವು. ಪರೀಕ್ಷೆ ಮುಗಿದಿರುತ್ತದೆ, ಪಾಠ ತಪ್ಪುವುದಿಲ್ಲ. ಆದರೆ ಮಗುವಿಗೆ ಮಧುಮೇಹವಿದ್ದರೆ ಈ ಲೆಕ್ಕಾಚಾರ ಅಷ್ಟು ಸಲೀಸಲ್ಲ. ಎಲ್ಲ ಸಿದ್ಧತೆ ಮಾಡಿಕೊಂಡು ಹೋದಾಗ ವೈದ್ಯರು ‘ಸಕ್ಕರೆ ಜಾಸ್ತಿಯಿದೆ, ಕೆಲವು ವಾರ ಬಿಟ್ಟು ನೋಡೋಣ’ ಎಂದರೆ ಹೆತ್ತವರಿಗೆ ಸಿಟ್ಟು ಬರುವುದು ಸಹಜ. ಆದರೂ ಇಲ್ಲಿ ವೈದ್ಯರ ಮಾತೇ ಸರಿ.

ರಕ್ತದಲ್ಲಿ ಸಕ್ಕರೆ ಏರಿದಾಗ ರೋಗಾಣುಗಳನ್ನು ನುಂಗಿಹಾಕುವ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಗಾಯ ಕೀವಾಗುವ ಸಂಭವ ಹೆಚ್ಚು, ಮಾಯುವುದೂ ನಿಧಾನ. ಸಾಲದ್ದಕ್ಕೆ, ಶಸ್ತ್ರಚಿಕಿತ್ಸೆಯೇ ದೇಹಕ್ಕೊಂದು ಆಘಾತ. ಅದನ್ನು ಎದುರಿಸಲು ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ಸ್ರವಿಸುತ್ತವೆ. ಅವುಗಳ ಒತ್ತಾಯಕ್ಕೆ ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಬಾಯಿಗೆ ಏನೂ ಹಾಕದಿದ್ದರೂ ಸಕ್ಕರೆ ಏರುವುದು ಹೀಗೆ.

ಹಿಂದಿನ ದಿನ ಸಿಹಿ ಬಿಟ್ಟು, ಬೆಳಗಿನ ಪರೀಕ್ಷೆಯಲ್ಲಿ ‘ಪಾಸ್’ ಆಗಿಬಿಡೋಣವೆಂದರೆ ಆಗದು. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನೇ ಬಯಲುಮಾಡುತ್ತದೆ. ಯೋಜಿತ ಶಸ್ತ್ರಚಿಕಿತ್ಸೆಗೆ ಮುನ್ನ ಅದು ಸಾಧ್ಯವಾದಷ್ಟು ಶೇ 8ರ ಒಳಗಿರಲಿ ಎನ್ನುತ್ತಾರೆ ತಜ್ಞರು. ಆದ್ದರಿಂದ ಸಿದ್ಧತೆ ಆರಂಭವಾಗಬೇಕಾದ್ದು ಪರೀಕ್ಷೆಗಳು ಮುಗಿದ ಮೇಲಲ್ಲ, ಸಂಕ್ರಾಂತಿಯ ಹೊತ್ತಿಗೆ.

ದೊಡ್ಡ ತಪ್ಪು ನಡೆಯುವುದು ಕೊನೆಯ ರಾತ್ರಿ. ‘ಏನೂ ತಿನ್ನಬಾರದು’ ಎಂದು ಆಸ್ಪತ್ರೆಯಲ್ಲಿ ಹೇಳಿರುತ್ತಾರೆ. ಊಟವಿಲ್ಲದ ಮೇಲೆ ಇನ್ಸುಲಿನ್ ಏಕೆ ಎಂದು ಹೆತ್ತವರು ಚುಚ್ಚುಮದ್ದನ್ನೂ ನಿಲ್ಲಿಸಿಬಿಡುತ್ತಾರೆ. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಟೈಪ್ 1 ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿರುತ್ತದೆ. ಹೊರಗಿನಿಂದಲೂ ಬರದಿದ್ದರೆ ದೇಹ ಕೊಬ್ಬನ್ನು ಕರಗಿಸತೊಡಗುತ್ತದೆ. ಆಗ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿಕೊಂಡು ಪ್ರಾಣಕ್ಕೇ ಅಪಾಯ ಬರಬಹುದು.

ಉಪವಾಸ ಇನ್ಸುಲಿನ್ನಿಗೆ ಬದಲಿಯಲ್ಲ ಎಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಇನ್ಸುಲಿನ್ ಬರುವ ಮೊದಲು ಇಂಥ ಮಕ್ಕಳಿಗೆ ಅರೆಹೊಟ್ಟೆಯ ಪಥ್ಯವೇ ಚಿಕಿತ್ಸೆಯಾಗಿತ್ತು. ಅದರಿಂದ ಸಾವು ಸ್ವಲ್ಪ ದಿನ ಮುಂದಕ್ಕೆ ಹೋಗುತ್ತಿತ್ತು, ಅಷ್ಟೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಇನ್ಸುಲಿನ್ ಚುಚ್ಚುಮದ್ದು ಪಡೆದ ಲಿಯೊನಾರ್ಡ್ ಥಾಮ್ಸನ್‌ಗೆ ಆಗ 14 ವರ್ಷ. ತೂಕ ಸುಮಾರು 30 ಕಿಲೋ!

ಹಾಗೆಂದು ಮಾಮೂಲಿ ಪ್ರಮಾಣವನ್ನೇ ಕೊಡುವಂತಿಲ್ಲ. ಊಟಕ್ಕೆ ಮುಂಚೆ ಕೊಡುವ, ಬೇಗ ಕೆಲಸಮಾಡುವ ಇನ್ಸುಲಿನ್ ಊಟವಿಲ್ಲದಾಗ ಸಾಮಾನ್ಯವಾಗಿ ಬೇಡ. ದಿನವಿಡೀ ನಿಧಾನವಾಗಿ ಕೆಲಸಮಾಡುವುದನ್ನು ಬಿಡುವಂತಿಲ್ಲ. ಕೆಲವೊಮ್ಮೆ ತುಸು ಕಡಿಮೆ ಮಾಡುತ್ತಾರೆ. ಎಷ್ಟೆಂಬುದನ್ನು ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳುವುದೇ ಲೇಸು. ಸಕ್ಕರೆ ತೀರಾ ಇಳಿಯುವುದೂ ಅಪಾಯ. ಅರಿವಳಿಕೆಯಲ್ಲಿರುವ ಮಗು ನಡುಕ, ತಲೆಸುತ್ತು ಎಂದು ಹೇಳಲಾರದು. ಅದಕ್ಕೇ ಅರಿವಳಿಕೆ ತಜ್ಞರು ಆಗಾಗ ರಕ್ತ ಪರೀಕ್ಷಿಸುತ್ತ, ಬೇಕೆನಿಸಿದರೆ ಗ್ಲೂಕೋಸ್ ಡ್ರಿಪ್ ಹಾಕಿ, ಸಕ್ಕರೆಯನ್ನು ಡೆಸಿಲೀಟರಿಗೆ ಸುಮಾರು 100ರಿಂದ 180 ಮಿಲಿಗ್ರಾಂ ನಡುವೆ ಇರಿಸಲು ನೋಡುತ್ತಾರೆ. ಬೆಳಗಿನ ಮೊದಲ ಸರದಿ ಕೇಳಿ ಪಡೆಯಿರಿ, ಉಪವಾಸದ ಅವಧಿ ತಗ್ಗುತ್ತದೆ.

ಮಾತ್ರೆ ನುಂಗುವ ತಂದೆ, ಅಜ್ಜಿಯರ ಕಥೆ ಬೇರೆ. ಮೆಟ್‌ಫಾರ್ಮಿನ್ನನ್ನು ಸಾಮಾನ್ಯವಾಗಿ ಆ ದಿನ ಬೆಳಿಗ್ಗೆ ಬಿಡಿಸುತ್ತಾರೆ. ಹೆಸರು ‘ಗ್ಲಿಫ್ಲೋಜಿನ್’ ಎಂದು ಮುಗಿಯುವ ಮಾತ್ರೆಗಳನ್ನು ಮೂರು ನಾಲ್ಕು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಸಕ್ಕರೆ ಹೆಚ್ಚಿಲ್ಲದಿದ್ದರೂ ಅವುಗಳಿಂದ ಕೀಟೋನ್ ಏರುವುದುಂಟು. ವೈದ್ಯರನ್ನು ಕೇಳದೆ ಯಾವುದನ್ನೂ ಬಿಡಬಾರದು.

ಒಡೆದ ಅಪೆಂಡಿಕ್ಸ್, ಅಪಘಾತದ ಗಾಯ ಇವುಗಳಿಗೆ ಮುಂದೂಡಿಕೆಯ ಮಾತಿಲ್ಲ. ಇನ್ಸುಲಿನ್ ಡ್ರಿಪ್ ಹಾಕಿ, ಸಕ್ಕರೆ ಹತೋಟಿಗೆ ತರುತ್ತಲೇ ಶಸ್ತ್ರಚಿಕಿತ್ಸೆ ನಡೆಸುತ್ತಾರೆ. ಆದರೆ ಕೀಟೋನ್ ಏರಿದಾಗಲೂ ವಾಂತಿಯೊಡನೆ ತೀವ್ರ ಹೊಟ್ಟೆನೋವು ಬರುತ್ತದೆ, ಥೇಟ್ ಅಪೆಂಡಿಕ್ಸ್‌ನಂತೆ. ಹಲವರಿಗೆ ಡ್ರಿಪ್ ಮತ್ತು ಇನ್ಸುಲಿನ್ ಸಿಕ್ಕ ಕೆಲವೇ ತಾಸುಗಳಲ್ಲಿ ಈ ನೋವು ಇಳಿಯುತ್ತದೆ. ಹಾಸ್ಟೆಲಿನಲ್ಲಿ ಓದುವ ಮಧುಮೇಹಿ ವಿದ್ಯಾರ್ಥಿಯ ಜೇಬಿನಲ್ಲಿ ಕಾಯಿಲೆಯ ಹೆಸರು, ಇನ್ಸುಲಿನ್ ಪ್ರಮಾಣ ಬರೆದ ಒಂದು ಚೀಟಿಯಿದ್ದರೆ, ರಾತ್ರಿ ಕರೆದೊಯ್ಯುವ ಗೆಳೆಯರು ವೈದ್ಯರಿಗೆ ಅದನ್ನೇ ತೋರಿಸಬಹುದು.