ಉಸುಕಿನ ಹೊಲದ ಗೋಧಿಗೆ ಇನ್ನೊಂದು ಚೀಲ ಯೂರಿಯಾ

ವಿಜಯಪುರ ಜಿಲ್ಲೆಯೆಂದರೆ ಬರೀ ಎರೆ ಭೂಮಿಯಲ್ಲ. ತಿಕೋಟಾ, ಬಬಲೇಶ್ವರ ಭಾಗದ ಏರು ಹೊಲಗಳಲ್ಲಿ ತೆಳು ಮಸಾರಿ, ಗರಸು, ಅಲ್ಲಲ್ಲಿ ಉಸುಕು ಬೆರೆತ ಮಣ್ಣೂ ಇದೆ. ಏತ ನೀರಾವರಿಯ ನೀರು ತಲುಪಿದ ಕಡೆ ಇಂಥ ಹೊಲದಲ್ಲೂ ಹಿಂಗಾರಿಗೆ ಗೋಧಿ ಬಿತ್ತಬಹುದು. ಆದರೆ ಪೈರು ಹಳದಿಗೆ ತಿರುಗಿತೋ, ಇನ್ನೊಂದು ಚೀಲ ಯೂರಿಯಾ ಎರಚಿ ತುಂಬ ನೀರು ಹಾಯಿಸಿದರೆ ಸಾಕೆಂಬ ನಂಬಿಕೆ ಮಾತ್ರ ಎಷ್ಟು ಹೇಳಿದರೂ ಹೋಗುತ್ತಿಲ್ಲ.

ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕವಿದೆ. ಕರಗಿದ ಯೂರಿಯಾವನ್ನು ಮಣ್ಣು ಹಿಡಿಯುವುದಿಲ್ಲ. ನೀರು ಇಳಿದಲ್ಲಿಗೆ ಅದೂ ಇಳಿಯುತ್ತದೆ. ಕೆಲವು ದಿನಗಳಲ್ಲಿ ಅದು ಅಮೋನಿಯಂ ಆಗುತ್ತದೆ. ಅಮೋನಿಯಂ ಅನ್ನು ಜೇಡಿಯ ಕಣಗಳು ಹಿಡಿದಿಡುತ್ತವೆ, ಉಸುಕಿನಲ್ಲಿ ಜೇಡಿಯೇ ಕಡಿಮೆ. ಕೊನೆಗೆ ಅದು ನೈಟ್ರೇಟ್ ಆದಾಗ ಜೇಡಿಗೂ ನಿಲ್ಲದೆ ಬೇರಿನ ಕೆಳಗೆ ಬಸಿದು ಹೋಗುತ್ತದೆ. ಮೇಲೆಯೇ ಬಿಟ್ಟ ಯೂರಿಯಾ ಕ್ಷಾರ ಗುಣದ ಮಣ್ಣಿನಲ್ಲಿ ಅಮೋನಿಯಾ ಅನಿಲವಾಗಿ ಹಾರುತ್ತದೆ. ನೀರಾವರಿ ಗೋಧಿಗೆ ಎಕರೆಗೆ ಸುಮಾರು 40 ಕಿಲೋ ಸಾರಜನಕ ಸಾಕು. 45 ಕಿಲೋದ ಎರಡು ಚೀಲದಲ್ಲಿ ಅಷ್ಟೂ ಇದೆ. ಮೂರನೆಯ ಚೀಲದ ದುಡ್ಡು ಬಾವಿಯ ನೀರನ್ನು ಕೆಡಿಸುವುದಕ್ಕೆ ಖರ್ಚಾದಂತೆ.

ಅಷ್ಟೇ ಗೊಬ್ಬರವನ್ನು ಬಿತ್ತುವಾಗ ಒಂದು ಪಾಲು, ಮೂರು ವಾರಕ್ಕೆ ಬುಡದ ಬೇರೊಡೆಯುವಾಗ ಒಂದು ಪಾಲು, ಗಣ್ಣು ಬಿಡುವಾಗ ಇನ್ನೊಂದು ಪಾಲು ಮಾಡಿ ಹದವಿದ್ದಾಗ ಮಣ್ಣಿಗೆ ಬೆರೆಸಬೇಕು. ನೀರನ್ನೂ ಕೊಂಚ ಕೊಂಚವಾಗಿ, ಬೇಗ ಬೇಗ ಕೊಡಬೇಕು.

ಮಣ್ಣಿಗೆ ಹಿಡಿಯುವ ಶಕ್ತಿ ಬರುವುದು ಜೇಡಿಯಿಂದ, ಕೊಳೆತ ಸೊಪ್ಪು-ಸಗಣಿಯಿಂದ. ಎಕರೆಗೆ ಮೂರು ಟನ್ ತಿಪ್ಪೆಗೊಬ್ಬರವನ್ನು ವರ್ಷವೂ ಹಾಕಬೇಕು, ಮುಂಗಾರಿನಲ್ಲಿ ಸೆಣಬು ಬೆಳೆದು ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಬೇಕು. ಆದರೆ ಇಲ್ಲಿ ಗೊಬ್ಬರವೆಲ್ಲ ದ್ರಾಕ್ಷಿ ತೋಟದ ಪಾಲಾಗಿ ಗೋಧಿಗೆ ಉಳಿಯುವುದು ಚೀಲ ಮಾತ್ರ. ಮಮದಾಪುರದ ಆದಿಲ್‌ಶಾಹಿ ಕಾಲದ ಕೆರೆಯಂಥ ಹಳೆಯ ಕೆರೆಗಳ ಹೂಳು ಉಸುಕಿಗೆ ಜೇಡಿ ಕೊಡುತ್ತದೆ. ಡೋಣಿ ನದಿ ದಂಡೆಯ ಬಿಳಿ ಸವಳು ಮಣ್ಣನ್ನು ಮಾತ್ರ ಹೇರಿ ತರಬಾರದು.

ಜಿಪ್ಸಂ ಎಲ್ಲ ಮಣ್ಣಿಗೂ ಮದ್ದೆನ್ನುವುದೂ ತಪ್ಪು: ಅದು ಸೋಡಿಯಂ ತುಂಬಿದ ಎರೆಗೆ ಬೇಕಾದದ್ದು, ಉಸುಕಿಗೆ ಅದರಿಂದ ಸಿಗುವುದು ಕ್ಯಾಲ್ಸಿಯಂ ಮತ್ತು ಗಂಧಕವಷ್ಟೇ. ಡಿಎಪಿ ಒಂದಿದ್ದರೆ ಎಲ್ಲ ಸಿಕ್ಕಿತೆನ್ನುವುದೂ ತಪ್ಪು: ಅದರಲ್ಲಿ ಪೊಟ್ಯಾಷ್ ಇರುವುದೇ ಇಲ್ಲ. ಜಿಂಕ್ ಸಲ್ಫೇಟ್ ಅನ್ನು ಡಿಎಪಿ ಜೊತೆ ಕಲಸಿ ಹಾಕಿದರೆ ಸತು ರಂಜಕಕ್ಕೆ ಕಟ್ಟಿಬಿದ್ದು ಬೇರಿಗೆ ಸಿಗದು.

ಈ ನಂಬಿಕೆಗಳು ಬಾಳುವುದಕ್ಕೆ ಕಾರಣ, ನಾಲ್ಕು ದಿನದಲ್ಲಿ ಎಲೆ ಹಸಿರಾಯಿತೆಂಬುದನ್ನೇ ಪುರಾವೆ ಎಂದು ಹಿಡಿಯುವುದು. ತೆನೆಯ ಕಾಳು ಎಣಿಸುವವರಿಲ್ಲ. ಏನಿದೆ, ಎಷ್ಟಿದೆ ಎಂದು ಬರೆಯದ ಟಾನಿಕ್ ಬಾಟಲಿಗೆ ಸಾವಿರಾರು ರೂಪಾಯಿ ಸುರಿಯುವ ಕೈ, ಹಿಡಿ ಮಣ್ಣನ್ನು ಪರೀಕ್ಷೆಗೆ ಕೊಡಲು ಹಿಂಜರಿಯುತ್ತದೆ. ಹಳದಿ ಎಲ್ಲಿದೆಯೆಂದು ಬಗ್ಗಿ ನೋಡುವುದಕ್ಕಂತೂ ಖರ್ಚಿಲ್ಲ: ಬುಡದ ಹಳೆ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ, ತುದಿಯ ಹೊಸ ಎಲೆ ನರ ಹಸಿರಾಗಿಯೇ ಉಳಿದು ನಡುವೆ ಬಿಳಿಚಿದರೆ ಕಬ್ಬಿಣದ್ದು. ಸುಣ್ಣದಂಶದ ನೆಲದಲ್ಲಿ ಈ ಎರಡನೆಯದು ಅಪರೂಪವಲ್ಲ, ಅದು ಯೂರಿಯಾದಿಂದ ವಾಸಿಯಾಗುವುದೂ ಇಲ್ಲ.