ನೆತ್ತರುಗೊಡಗೆಯಿಂದ ಧ್ವಜ ದಿನದವರೆಗೆ

ಭಾದ್ರಪದ ಬಹುಳ ಚತುರ್ದಶಿಯನ್ನು ಪಂಚಾಂಗಗಳು ಘಾತಚತುರ್ದಶಿ ಎಂದು ಗುರುತಿಸುತ್ತವೆ. ಪಿತೃಪಕ್ಷದ ಈ ತಿಥಿಯನ್ನು ಧರ್ಮಶಾಸ್ತ್ರಕಾರರು ಶಸ್ತ್ರಹತರಿಗೆ, ಅಂದರೆ ಆಯುಧದ ಏಟಿನಿಂದ ಸತ್ತವರಿಗೆ, ಮೀಸಲಿಟ್ಟಿದ್ದರಿಂದ ರಣದಲ್ಲಿ ಮಡಿದವರಿಗೂ ಮಹಾನವಮಿ ಅಮಾವಾಸ್ಯೆಯ ಹಿಂದಿನ ದಿನವೇ ಪಿಂಡ ಸಲ್ಲುತ್ತದೆ. ಇದು ಮನೆಮಟ್ಟಿಗಿನ ಶ್ರಾದ್ಧ. ಊರಿಗೆ ಊರೇ ವೀರನನ್ನು ನೆನೆಯಬೇಕಾದಾಗ ಕನ್ನಡ ನಾಡು ಕಲ್ಲು ನಿಲ್ಲಿಸಿತು.

ಉದಾಹರಣೆಗೆ, ಲಕ್ಷ್ಮೇಶ್ವರದ ಸೀಮೆ ಹಿಂದೆ ಪುಲಿಗೆರೆ-300 ಎಂಬ ಆಡಳಿತ ವಿಭಾಗವಾಗಿತ್ತು. ರಾಷ್ಟ್ರಕೂಟರೂ ಕಲ್ಯಾಣದ ಚಾಲುಕ್ಯರೂ ಆಳಿದ ಇಂಥ ಸೀಮೆಗಳಲ್ಲೆಲ್ಲ ವೀರಗಲ್ಲು ಕಂಡರಿಸುವ ರೂಢಿ ಬೆಳೆಯಿತು. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುವ ಈ ಶಿಲೆಯ ಕೆಳಭಾಗದಲ್ಲಿ ಕಾಳಗ, ನಡುವೆ ವೀರನ ತೋಳು ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಲಿಂಗದ ಮುಂದೆ ಕುಳಿತ ವೀರ, ಅವನ ನೆತ್ತಿಯ ಮೇಲೆ ಸೂರ್ಯಚಂದ್ರರು ಇರುತ್ತಾರೆ. ಅರಸನ ದಂಡಿನಲ್ಲಿ ಸತ್ತವನಿಗೂ, ತುರುಗೊಳ್‌ನಲ್ಲಿ, ಎಂದರೆ ಶತ್ರುಗಳು ಊರ ದನಗಳನ್ನು ಹೊಡೆದುಕೊಂಡು ಹೋಗುವಾಗ ಅಡ್ಡಗಟ್ಟಿ ಸತ್ತವನಿಗೂ ಶಿಲ್ಪಿ ಕೊಟ್ಟದ್ದು ಒಂದೇ ಸ್ವರ್ಗ.

ಕಲ್ಲಿಗಿಂತ ಹೆಚ್ಚು ಗಮನಿಸಬೇಕಾದದ್ದು ಅದರ ಜೊತೆಗೆ ಬರುತ್ತಿದ್ದ ಭೂಮಿ. ನೆತ್ತರುಗೊಡಗೆ ಎಂಬುದು ಮಡಿದವನ ರಕ್ತಕ್ಕೆ ಪ್ರತಿಯಾಗಿ ಅವನ ಕುಟುಂಬಕ್ಕೆ ಬಿಟ್ಟ ದತ್ತಿಯಾಗಿದ್ದು, ಉಳಿದವರ ಹೊಟ್ಟೆಪಾಡನ್ನು ಬಿಟ್ಟು ಸತ್ತವನ ಕೀರ್ತಿಯನ್ನಷ್ಟೇ ಹಾಡುವುದು ಅಂದಿನ ಸಮಾಜಕ್ಕೆ ಸಾಕೆನಿಸಿರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ (ಕ್ರಿ.ಶ. 949-50) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಅರ್ಚಕ, ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆಂದು ಅದು ವಿಧಿಸುತ್ತದೆ. ವರ್ಷಕ್ಕೊಮ್ಮೆ ಹೂಮಾಲೆ ಹಾಕಿ ಮರೆಯುವ ಅನುಕೂಲ ಆ ಗೊರವನಿಗಿರಲಿಲ್ಲ.

ದಿನಾಂಕಕ್ಕೆ ಕಟ್ಟಿದ ಸ್ಮರಣೆ ಈಚಿನದು. ಅಮೆರಿಕದಲ್ಲಿ ಅಂತರ್ಯುದ್ಧದ ತರುವಾಯ 1868ರ ಮೇ 30ರಂದು ಸೈನಿಕರ ಗೋರಿಗಳನ್ನು ಹೂವಿನಿಂದ ಅಲಂಕರಿಸಲಾಯಿತು. ಮೊದಲ ಮಹಾಯುದ್ಧ ನಿಂತ 1918ರ ನವೆಂಬರ್ 11 ಬ್ರಿಟನ್ನಿನ ಸ್ಮರಣ ದಿನವಾಯಿತು. ಭಾರತದಲ್ಲಿ ಜುಲೈ 26 ಕಾರ್ಗಿಲ್ ವಿಜಯ ದಿವಸವಾಗಿದ್ದು, 1999ರ ಆ ಯುದ್ಧದಲ್ಲಿ ಮಡಿದ 527 ಯೋಧರನ್ನು ಅಂದು ನೆನೆಯಲಾಗುತ್ತದೆ.

ಈ ದಿನಗಳ ಪೈಕಿ ನೆತ್ತರುಗೊಡಗೆಯ ಆಶಯಕ್ಕೆ ಹತ್ತಿರವಾದದ್ದು, ಅಷ್ಟಾಗಿ ಸದ್ದು ಮಾಡದಿದ್ದರೂ, 1949ರಿಂದ ಡಿಸೆಂಬರ್ 7ರಂದು ನಡೆದುಬಂದಿರುವ ಸಶಸ್ತ್ರ ಪಡೆಗಳ ಧ್ವಜ ದಿನ. ಭೂಸೇನೆ, ನೌಕಾಪಡೆ, ವಾಯುಪಡೆಗಳನ್ನು ಸೂಚಿಸುವ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಪುಟ್ಟ ಧ್ವಜಗಳನ್ನು ಹಂಚಿ ಕೂಡಿಸುವ ಹಣ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೆ, ಅಂಗವಿಕಲರಾದ ಯೋಧರಿಗೆ, ಮಾಜಿ ಸೈನಿಕರ ಕುಟುಂಬಗಳಿಗೆ ವಿನಿಯೋಗವಾಗುತ್ತದೆ.