ಫೋನಿನೊಳಗೆ ಹಿಡಿಸದ ಡೊಳ್ಳು

ಮುಂಡಗೋಡ ತಾಲ್ಲೂಕಿನ ಇಂದೂರಿನ ಕಡೆ ಡೊಳ್ಳಿನ ಮೇಳ ಹೊರಟರೆ ಬಾಗಿಲು ಹಾಕಿಕೊಂಡು ಒಳಗೆ ಕೂತವರಿಗೂ ಗೊತ್ತಾಗುತ್ತದೆ. ಗೋಡೆ ದಾಟಿ ಬರುವುದು ಡೊಳ್ಳಿನ ತಗ್ಗು ದನಿ. ತಾಳದ ಸದ್ದು ಬಹುಪಾಲು ಹೊರಗೇ ಉಳಿಯುತ್ತದೆ. ಅದೇ ಮೇಳವನ್ನು ಮೊಬೈಲಿನಲ್ಲಿ ಹಿಡಿದು ಮನೆಯಲ್ಲಿ ಹಚ್ಚಿ ನೋಡಿ, ಎಲ್ಲ ತಿರುವುಮುರುವು. ತಾಳ ಝಣಝಣ ಎನ್ನುತ್ತದೆ, ಕುಣಿಯುವವರ ಕೇಕೆ ಚೆನ್ನಾಗಿ ಕೇಳುತ್ತದೆ, ಡೊಳ್ಳು ಮಾತ್ರ ರಟ್ಟಿನ ಪೆಟ್ಟಿಗೆ ತಟ್ಟಿದ ಹಾಗೆ ಟಪ್ ಟಪ್ ಎನ್ನುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿಯರ ಡಮಾಮಿ ಕುಣಿತದ ವಿಡಿಯೊಗಳಿಗೂ ಇದೇ ಗತಿ. ಕುಣಿತ ಕಾಣುತ್ತದೆ, ಕುಣಿಸುವ ವಾದ್ಯ ಕೇಳುವುದಿಲ್ಲ.

ಇದೇ ತಾಲ್ಲೂಕಿನಲ್ಲಿ ಇನ್ನೊಂದು ತಗ್ಗು ದನಿಯೂ ಇದೆ. 1966ರಿಂದ ಇಲ್ಲಿ ನೆಲೆ ನಿಂತ ಟಿಬೆಟನ್ನರ ಕ್ಯಾಂಪಿನಲ್ಲಿ ಗಾಂದೆನ್ ಮತ್ತು ಡ್ರೆಪುಂಗ್ ಮಠಗಳಿವೆ. ಡ್ರೆಪುಂಗ್ ಲೋಸೆಲಿಂಗ್‌ನ ಭಿಕ್ಷುಗಳು ಗಂಟಲಿನ ತಳದಿಂದ ಎಳೆದು ಹೇಳುವ ಮಂತ್ರಪಠಣ ಜಗತ್ತಿಗೇ ಗೊತ್ತಿರುವಂಥದ್ದು. ಸಾಮಾನ್ಯ ಗಂಡು ದನಿಗಿಂತ ಎಷ್ಟೋ ಕೆಳಗಿನ ಶ್ರುತಿ ಅದು. ಅದರ ಧ್ವನಿಮುದ್ರಣವನ್ನು ಅದೇ ಫೋನಿನಲ್ಲಿ ಕೇಳಿದರೆ ಸದ್ದು ಸಣ್ಣದಾದರೂ ಆಳ ಉಳಿದಿರುತ್ತದೆ. ಫೋನು ಒಂದೇ, ಸ್ಪೀಕರ್ ಒಂದೇ. ಮಂತ್ರ ಉಳಿಯಿತು, ಡೊಳ್ಳು ಕಳೆದುಹೋಯಿತು. ಇದು ಹೇಗೆ ಎಂದು ತಿಳಿದರೆ ಇವತ್ತಿನ ಸಣ್ಣ ಸ್ಪೀಕರುಗಳಲ್ಲಿ ಕೂತಿರುವ ಗಣಿತದ ಕೆಲಸ ಅರ್ಧ ತಿಳಿದಂತೆ.

ಮೊದಲು ಸ್ಪೀಕರಿನ ಕಷ್ಟ ನೋಡೋಣ. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಪೊರೆ. 1925ರಲ್ಲಿ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ವಿವರಿಸಿದ ಈ ರಚನೆ ಇಂದಿಗೂ ಹೆಚ್ಚು ಬದಲಾಗಿಲ್ಲ. ಸುರುಳಿಯಲ್ಲಿ ವಿದ್ಯುತ್ ಹರಿದರೆ ಪೊರೆ ಹಿಂದೆ ಮುಂದೆ ಆಡುತ್ತದೆ, ಗಾಳಿಯನ್ನು ತಳ್ಳುತ್ತದೆ. ಕೀಚು ದನಿಗೆ ತುಸು ಅಲುಗಿದರೆ ಸಾಕು. ದನಿ ತಗ್ಗಿದಷ್ಟೂ ಪೊರೆ ಹೆಚ್ಚು ದೂರ ಆಡಬೇಕು, ಅದೂ ವರ್ಗದ ಲೆಕ್ಕದಲ್ಲಿ. ಕಂಪನಸಂಖ್ಯೆ ಅರ್ಧಕ್ಕೆ ಇಳಿದರೆ ಅಷ್ಟೇ ಜೋರಿನ ಸದ್ದಿಗೆ ನಾಲ್ಕು ಪಟ್ಟು ಆಟ ಬೇಕು.

ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಫೋನಿನ ಸ್ಪೀಕರ್ ಪೊರೆ ಹೆಚ್ಚುಕಡಿಮೆ 1 ಚದರ ಸೆಂಟಿಮೀಟರ್. ಒಂದು ಮೀಟರ್ ದೂರದಲ್ಲಿ 80 ಡೆಸಿಬೆಲ್ ಸದ್ದು, ಅಂದರೆ ಕೋಣೆ ತುಂಬುವಷ್ಟು ಜೋರು, ಬೇಕೆಂದಿಟ್ಟುಕೊಳ್ಳಿ. 1000 ಹರ್ಟ್ಝ್‌ನಲ್ಲಿ ಪೊರೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಆಡಿದರೆ ಆಯಿತು. 100 ಹರ್ಟ್ಝ್‌ನಲ್ಲಿ ಅದು 3 ಸೆಂಟಿಮೀಟರ್ ಆಡಬೇಕು. ಇಡೀ ಫೋನಿನ ದಪ್ಪವೇ ಒಂದು ಸೆಂಟಿಮೀಟರ್ ಇಲ್ಲ! 12 ಇಂಚಿನ ದೊಡ್ಡ ಸ್ಪೀಕರಿಗಾದರೆ ಇನ್ನೂ ಕೆಳಗಿನ 50 ಹರ್ಟ್ಝ್‌ನಲ್ಲೂ ಕಾಲು ಮಿಲಿಮೀಟರ್ ಸಾಕು. ಜಾತ್ರೆಯಲ್ಲಿ ಆಳೆತ್ತರದ ಪೆಟ್ಟಿಗೆಗಳನ್ನು ಪೇರಿಸುವುದು ಬರಿ ಡೌಲಿಗಲ್ಲ.

ಪೆಟ್ಟಿಗೆ ಚಿಕ್ಕದಾದರೆ ಇನ್ನೊಂದು ತೊಡಕು. ಒಳಗೆ ಸಿಕ್ಕಿಕೊಂಡ ಗಾಳಿ ಬಿಗಿಯಾದ ಸ್ಪ್ರಿಂಗಿನಂತೆ ಪೊರೆಯನ್ನು ಹಿಡಿದಿಡುತ್ತದೆ. ಫೋನಿನ ಸ್ಪೀಕರಿನ ಸಹಜ ಅನುರಣನ ಇರುವುದೇ 800 ಹರ್ಟ್ಝ್ ಆಸುಪಾಸಿನಲ್ಲಿ. ಅದಕ್ಕಿಂತ ಕೆಳಗೆ ಸದ್ದು ಬೇಗಬೇಗ ಕುಸಿಯುತ್ತದೆ. ಫೋನನ್ನು ಖಾಲಿ ಚೊಂಬಿನೊಳಗೆ ಇಟ್ಟು ಹಾಡು ಕೇಳುವವರನ್ನು ನೋಡಿರುತ್ತೀರಿ. ಚೊಂಬು ತನ್ನದೇ ಅನುರಣನದ ಸುತ್ತಲಿನ ದನಿಯನ್ನು ಎತ್ತಿಕೊಡುತ್ತದೆ, ಹಾಡು ಜೋರಾಗುತ್ತದೆ. ಡೊಳ್ಳು ಅಲ್ಲೂ ಬರುವುದಿಲ್ಲ.

ಈ ಕೊರತೆಯನ್ನು ಗಣಿತದಿಂದ ತುಂಬುವ ಕೆಲಸವೇ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್. ಹಾಡು ಸ್ಪೀಕರಿಗೆ ಹೋಗುವ ಮೊದಲು ಅಂಕಿಗಳ ಸಾಲಾಗಿರುತ್ತದೆ, ಸೆಕೆಂಡಿಗೆ 44,100 ಇಲ್ಲವೆ 48,000 ಅಂಕಿ. ದಾರಿಯಲ್ಲಿ ಕೂತ ಚಿಪ್ ಆ ಅಂಕಿಗಳನ್ನು ಕೂಡಿ ಗುಣಿಸಿ ಬದಲಿಸುತ್ತದೆ. ಈ ಚಿಪ್ಪುಗಳ ಕಥೆಯಲ್ಲಿ ನಮ್ಮ ಬೆಂಗಳೂರಿಗೆ ದೊಡ್ಡ ಪಾಲಿದೆ. ಅವುಗಳ ಮುಂಚೂಣಿ ತಯಾರಕ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಅಲ್ಲಿಂದ ಹೊರಬಂದವರು 2001ರಲ್ಲಿ ಇಲ್ಲೇ ಕಟ್ಟಿದ ಇತ್ತಿಯಾಮ್ ಸಿಸ್ಟಮ್ಸ್‌ನ ಕಸುಬೂ ಇದೇ.

ಎಲ್ಲರಿಗೂ ಮೊದಲು ಹೊಳೆಯುವ ದಾರಿ, ತಗ್ಗು ದನಿಯನ್ನಷ್ಟೇ ಎತ್ತಿ ಕೊಡುವುದು. ಆದರೆ 12 ಡೆಸಿಬೆಲ್ ಎತ್ತಿದರೆ 16 ಪಟ್ಟು ವಿದ್ಯುತ್ ಬೇಕು. ಸುರುಳಿ ಕಾಯುತ್ತದೆ, ಪೊರೆ ತನ್ನ ಮಿತಿ ಮೀರಿ ಬಡಿದು ಕರಕರ ಎನ್ನುತ್ತದೆ, ಕೊನೆಗೆ ಹರಿಯುತ್ತದೆ. ಹಿಂದೆ ತಯಾರಕರು ಈ ಹೆದರಿಕೆಗೆ ತಗ್ಗು ದನಿಯನ್ನು ಮೊದಲೇ ಕತ್ತರಿಸಿ ಬಿಡುತ್ತಿದ್ದರು. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಬಂದ ಚುರುಕು ಆಂಪ್ಲಿಫೈಯರುಗಳು ಇದಕ್ಕೆ ಜಾಣ ಉತ್ತರ ಕಂಡುಕೊಂಡಿವೆ. ನನಗೆ ಈ ಇಡೀ ವಿದ್ಯೆಯಲ್ಲಿ ಅತ್ಯಂತ ಚೆಂದ ಕಾಣುವ ಭಾಗವೇ ಇದು.

ಆಂಪ್ಲಿಫೈಯರ್ ಸುರುಳಿಗೆ ಕರೆಂಟು ಕೊಡುತ್ತಲೇ ಅಲ್ಲಿ ಎಷ್ಟು ಹರಿಯಿತು ಎಂದು ಅಳೆಯುತ್ತಿರುತ್ತದೆ. ತಾಮ್ರ ಬಿಸಿಯಾದರೆ ಅದರ ರೋಧ ಏರುತ್ತದೆ, ಪ್ರತಿ ಡಿಗ್ರಿಗೆ ಶೇ 0.4ರ ಹತ್ತಿರ. ತಂಪಾಗಿದ್ದಾಗ 8 ಓಮ್ ಇದ್ದ ಸುರುಳಿ ಈಗ 8.8 ಓಮ್ ತೋರಿಸಿದರೆ ಅದು 25 ಡಿಗ್ರಿ ಕಾದಿದೆ ಎಂದರ್ಥ. ಒಳಗೆ ಥರ್ಮಾಮೀಟರ್ ಇಲ್ಲ, ಸುರುಳಿಯೇ ಥರ್ಮಾಮೀಟರ್. ಕರೆಂಟಿನ ಏರಿಳಿತದಿಂದಲೇ ಪೊರೆಯ ಅನುರಣನ ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಅದರಿಂದ ಮುಂದಿನ ಹೊಡೆತಕ್ಕೆ ಪೊರೆ ಎಷ್ಟು ದೂರ ಹೋದೀತು ಎಂದು ಚಿಪ್ ಮುಂಚಿತವಾಗಿ ಲೆಕ್ಕ ಹಾಕುತ್ತದೆ. ಹಾಡನ್ನು ಕೆಲವು ಮಿಲಿಸೆಕೆಂಡ್ ತಡೆದಿಟ್ಟುಕೊಂಡರೆ ಅಷ್ಟು ಸಮಯ ಸಿಗುತ್ತದೆ. ಮಿತಿ ದಾಟುವ ಹೊಡೆತವನ್ನು ಮಾತ್ರ ಮೊಟಕು ಮಾಡಿ ಮಿಕ್ಕದ್ದನ್ನು ಪೂರ್ತಿ ಬಿಡುತ್ತದೆ. ಪೊರೆ ತನ್ನ ಕೊನೆಯ ಅಂಚಿನವರೆಗೂ ದುಡಿಯುತ್ತದೆ, ಹರಿಯುವುದಿಲ್ಲ.

ಬ್ಲೂಟೂತ್ ಡಬ್ಬಿಗಳು ದನಿ ಕಡಿಮೆ ಇದ್ದಾಗ ಗುಂ ಎಂದು, ಪೂರ್ತಿ ಏರಿಸಿದಾಗ ತೆಳ್ಳಗೆ ಕೇಳುವುದು ಇದೇ ಕಾರಣಕ್ಕೆ. ದನಿ ತಗ್ಗಿಸಿದಾಗ ಪೊರೆಗೆ ಆಡಲು ಜಾಗ ಉಳಿದಿರುತ್ತದೆ, ಚಿಪ್ ಅದನ್ನು ಬೇಸ್‌ಗೆ ಕೊಡುತ್ತದೆ. ಕಿವಿಗೂ ಆಗ ಅದೇ ಬೇಕು. ಸಣ್ಣ ಸದ್ದಿನಲ್ಲಿ ನಮ್ಮ ಕಿವಿ ತಗ್ಗು ದನಿಗೆ ಮಂದ. 1000 ಹರ್ಟ್ಝ್‌ನ 40 ಡೆಸಿಬೆಲ್ ದನಿಯಷ್ಟೇ ಜೋರಾಗಿ ಕೇಳಬೇಕಾದರೆ 50 ಹರ್ಟ್ಝ್‌ನ ದನಿ 78 ಡೆಸಿಬೆಲ್ ಇರಬೇಕು.

ಇಷ್ಟೆಲ್ಲ ಮಾಡಿದರೂ 1 ಚದರ ಸೆಂಟಿಮೀಟರ್ ಪೊರೆ 60 ಹರ್ಟ್ಝ್ ನುಡಿಸಲಾರದು. ಇಲ್ಲಿಂದ ಮುಂದಿನ ಕೆಲಸ ಸ್ಪೀಕರಿನದಲ್ಲ, ಕೇಳುವವರ ತಲೆಯದು.

ನೀವೇ ಪರೀಕ್ಷೆ ಮಾಡಬಹುದು. ಸ್ವರ ಹುಟ್ಟಿಸುವ ಪುಕ್ಕಟೆ ಆ್ಯಪ್ ಹಾಕಿಕೊಂಡು 60 ಹರ್ಟ್ಝ್‌ನ ಸೈನ್ ಅಲೆ ಹಚ್ಚಿ. ಫೋನು ಹೆಚ್ಚುಕಡಿಮೆ ಮೌನ. ಈಗ ಅದೇ 60 ಹರ್ಟ್ಝ್‌ನಲ್ಲಿ ಗರಗಸದ ಹಲ್ಲಿನಾಕಾರದ ಅಲೆ ಆರಿಸಿ. ತಟ್ಟನೆ ತಗ್ಗಿನ ಗರ್ ಎಂಬ ಸದ್ದು ಕೇಳುತ್ತದೆ. ಫೋನಿಗೆ 60 ನುಡಿಸುವ ಶಕ್ತಿ ಆ ಕ್ಷಣದಲ್ಲಿ ಬಂದದ್ದಲ್ಲ. ಗರಗಸದ ಅಲೆಯಲ್ಲಿ 120, 180, 240, 300 ಎಂದು 60ರ ಮಗ್ಗಿಯ ಉಪಸ್ವರಗಳೆಲ್ಲ ಇರುತ್ತವೆ. ಮೇಲಿನವು ಫೋನಿನಿಂದ ಹೊರಬೀಳುತ್ತವೆ. ಅವುಗಳ ನಡುವಿನ ಅಂತರ 60 ಎಂದು ಗುರುತಿಸಿದ ಮೆದುಳು ಇಲ್ಲದ ಮೂಲಸ್ವರವನ್ನು ತಾನೇ ಕೂಡಿಸಿಕೊಳ್ಳುತ್ತದೆ.

ಜರ್ಮನಿಯ ಆಗಸ್ಟ್ ಸೀಬೆಕ್ ಇದನ್ನು 1841ರಲ್ಲಿ ತೂತುಗಳಿದ್ದ ಸೈರನ್ ಚಕ್ರ ತಿರುಗಿಸಿ ಗಮನಿಸಿದ. ವಿದ್ಯುತ್ ನಿಯಮಕ್ಕೆ ಹೆಸರಾದ ಗೇಯಾರ್ಗ್ ಓಮ್ ಒಪ್ಪಲಿಲ್ಲ, ಮೂಲ ಕಂಪನವಿಲ್ಲದೆ ಆ ಶ್ರುತಿ ಕೇಳಲು ಸಾಧ್ಯವಿಲ್ಲ ಎಂದು ವಾದಿಸಿದ. ವಾದ ಶತಮಾನ ದಾಟಿತು. 1954ರಲ್ಲಿ ಅಮೆರಿಕದ ಲಿಕ್‌ಲೈಡರ್, ತಗ್ಗಿನ ಪಟ್ಟಿಯನ್ನೆಲ್ಲ ಗದ್ದಲದಿಂದ ಮುಚ್ಚಿದರೂ ಆ ಶ್ರುತಿ ಕೇಳುತ್ತಲೇ ಇರುತ್ತದೆ ಎಂದು ತೋರಿಸಿದ ಮೇಲೆ ಸೀಬೆಕ್‌ನ ಪಕ್ಷ ಗಟ್ಟಿಯಾಯಿತು. ಹಳೆಯ ಟೆಲಿಫೋನು ಸಾಗಿಸುತ್ತಿದ್ದದ್ದು 300ರಿಂದ 3400 ಹರ್ಟ್ಝ್ ಮಾತ್ರ. ಗಂಡಸಿನ ಕಂಠದ ಮೂಲಸ್ವರ ಸಾಮಾನ್ಯವಾಗಿ 100ರಿಂದ 130ರ ನಡುವೆ. ತಂತಿಯಲ್ಲಿ ಅದು ಬರುತ್ತಲೇ ಇರಲಿಲ್ಲ. ಆದರೂ ಟ್ರಂಕ್ ಕಾಲಿನಲ್ಲಿ ಅಪ್ಪನ ದನಿ ಅಪ್ಪನದಾಗಿಯೇ ಕೇಳುತ್ತಿತ್ತು.

ಇದನ್ನೇ ಉದ್ಯಮ ಮಾಡಿಕೊಂಡವರು ಇಸ್ರೇಲಿನ ವೇವ್ಸ್ ಕಂಪನಿಯವರು. 1990ರ ದಶಕದಲ್ಲಿ ಅವರು ತಂದ ಮ್ಯಾಕ್ಸ್‌ಬೇಸ್ ಈ ಬಗೆಯ ವಿಧಾನಗಳಲ್ಲಿ ಹೆಸರುವಾಸಿ. ನೆದರ್‌ಲೆಂಡ್ಸ್‌ನ ಫಿಲಿಪ್ಸ್ ಕೂಡ ಇದೇ ಹಾದಿಯಲ್ಲಿ ದುಡಿಯಿತು. ವಿಧಾನ ಇಷ್ಟು: ಸ್ಪೀಕರಿಗೆ ಎಟುಕದ ತಗ್ಗು ದನಿಯನ್ನು ಸೋಸಿ ಪ್ರತ್ಯೇಕಿಸು, ಅದರ ಅಲೆಯನ್ನು ಬೇಕೆಂದೇ ವಕ್ರಗೊಳಿಸಿ ಉಪಸ್ವರ ಹುಟ್ಟಿಸು, ಮೂಲವನ್ನು ಬಿಟ್ಟು ಉಪಸ್ವರಗಳನ್ನು ಮಾತ್ರ ಹಾಡಿಗೆ ಬೆರೆಸು. ವಕ್ರಗೊಳಿಸುವ ಬಗೆಯಲ್ಲಿ ಎಚ್ಚರ ಬೇಕು. ಅಲೆಯ ಕೆಳಮುಖವನ್ನೆಲ್ಲ ಮೇಲಕ್ಕೆ ಮಡಚಿದರೆ 60ಕ್ಕೆ 120, 240, 360 ಮಾತ್ರ ಹುಟ್ಟುತ್ತವೆ. ಆಗ ಅಂತರ 120. ಮೆದುಳಿಗೆ ಕೇಳುವುದು ಒಂದು ಸ್ಥಾಯಿ ಮೇಲಿನ ಸ್ವರ! ಎರಡು ತಗ್ಗು ಸ್ವರಗಳು ಒಟ್ಟಿಗೆ ಬಂದರೆ ಅವುಗಳ ಕೂಡು, ಕಳೆಯುವಿಕೆಯ ಹೊಸ ಸ್ವರಗಳೂ ಹುಟ್ಟಿ ದನಿ ಕಲಕಿಹೋಗುತ್ತದೆ.

ಈಗ ಮುಂಡಗೋಡಕ್ಕೆ ಬರೋಣ. ಟಿಬೆಟನ್ ಭಿಕ್ಷುಗಳ ಈ ಬಗೆಯ ಪಠಣವನ್ನು ಹ್ಯೂಸ್ಟನ್ ಸ್ಮಿತ್ ಮತ್ತು ಸಂಗಡಿಗರು 1967ರಲ್ಲಿ ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ವಿಶ್ಲೇಷಿಸಿದ್ದರು. ಅದರಲ್ಲಿ ಉಪಸ್ವರಗಳು ಎಷ್ಟು ಬಲವಾಗಿವೆ ಎಂದರೆ ಒಬ್ಬನೇ ಭಿಕ್ಷು ಏಕಕಾಲಕ್ಕೆ ಎರಡು ಮೂರು ಸ್ವರ ಹಿಡಿದಂತೆ ಕೇಳುತ್ತದೆ. ಮಂತ್ರ ತನ್ನ ಉಪಸ್ವರಗಳನ್ನು ತಾನೇ ಹೊತ್ತು ತರುತ್ತದೆ, ಫೋನಿನ ಚಿಪ್ ಮಾಡಬೇಕಾದ ಕೆಲಸವನ್ನು ಗಂಟಲು ಆಗಲೇ ಮಾಡಿ ಮುಗಿಸಿರುತ್ತದೆ. ಅದಕ್ಕೇ ಅದು ಉಳಿಯುತ್ತದೆ.

ಡೊಳ್ಳಿನ ಚರ್ಮ ಹಾಗಲ್ಲ. ದುಂಡಗೆ ಬಿಗಿದ ಬರಿ ಪೊರೆಯ ಉಪಸ್ವರಗಳು ಮೂಲದ 1.59, 2.14, 2.30, 2.65 ಪಟ್ಟು, ಹೀಗೆ ಅಡ್ಡಾದಿಡ್ಡಿ. ಅವುಗಳಲ್ಲಿ ಮಗ್ಗಿ ಇಲ್ಲ. ಮೆದುಳಿಗೆ ಊಹಿಸಲು ಆಧಾರವಿಲ್ಲ. ಮೂಲ ಹೋದರೆ ಎಲ್ಲವೂ ಹೋಯಿತು. ಮೃದಂಗ, ತಬಲಗಳ ಕಥೆ ಬೇರೆ, ಅದನ್ನು ಜಗತ್ತಿಗೆ ಬಿಡಿಸಿ ಹೇಳಿದವರು ಸಿ.ವಿ. ರಾಮನ್. 1920ರಲ್ಲಿ ಶಿವಕಾಳಿ ಕುಮಾರ್ ಜತೆ ‘ನೇಚರ್’ ಪತ್ರಿಕೆಯಲ್ಲಿ ಟಿಪ್ಪಣಿ ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ವಿವರವಾಗಿ ಬರೆದರು. ಬಲಮುಖದ ನಡುವೆ ಪದರ ಪದರವಾಗಿ ಹಚ್ಚುವ ಕಪ್ಪು ಕರಣೆ ಪೊರೆಯ ತೂಕವನ್ನು ಹಂಚುವ ರೀತಿಯಿಂದ ಉಪಸ್ವರಗಳು 1, 2, 3, 4, 5ರ ಸಾಲಿಗೆ ಬಂದು ಕೂರುತ್ತವೆ. ಪೊರೆ ಕಂಪಿಸುವ ಒಂಬತ್ತು ಬಗೆಗಳು ಐದೇ ಸ್ವರಗಳಲ್ಲಿ ಒಂದಾಗುತ್ತವೆ. ಮೃದಂಗ, ತಬಲ ಮಾಡುವ ಕುಶಲಕರ್ಮಿಗಳ ಕಿವಿ ತಲೆಮಾರುಗಳ ಹಿಂದೆಯೇ ಚರ್ಮಕ್ಕೆ ಕೊಟ್ಟದ್ದನ್ನು ಇವತ್ತಿನ ಬೇಸ್ ತಂತ್ರಾಂಶ ವಿದ್ಯುತ್ ಅಲೆಗೆ ಕೊಡಲು ಹೊರಟಿದೆ ಎನ್ನಬಹುದು.

ಹಾಗಾದರೆ ಡೊಳ್ಳಿಗೂ ಆ ತಂತ್ರಾಂಶವನ್ನು ಹಚ್ಚಿದರಾಯಿತಲ್ಲ? ಸ್ವಲ್ಪ ಸಹಾಯವಾಗುತ್ತದೆ, ಅಂಗೈಯಷ್ಟಗಲದ ಬ್ಲೂಟೂತ್ ಡಬ್ಬಿಯಲ್ಲಿ ಗುಂ ಎನ್ನುವ ದನಿ ಬರುತ್ತದೆ. ಆದರೆ ಡೊಳ್ಳಿನಲ್ಲಿಲ್ಲದ ಶ್ರುತಿಯೊಂದು ಅದಕ್ಕೆ ಅಂಟಿಕೊಳ್ಳುತ್ತದೆ, ಡೊಳ್ಳು ತುಸು ಮೃದಂಗದ ಕಡೆ ವಾಲುತ್ತದೆ. 60 ಹರ್ಟ್ಝ್‌ನ ಒಂದು ಕಂಪನಕ್ಕೆ 17 ಮಿಲಿಸೆಕೆಂಡ್ ಬೇಕು. ಗಿಡ್ಡ ಪೆಟ್ಟಿನಲ್ಲಿ ಮೂರು ನಾಲ್ಕು ಕಂಪನ ಮುಗಿಯುವಷ್ಟರಲ್ಲಿ ಸದ್ದೇ ಅಡಗಿರುತ್ತದೆ, ಊಹೆ ಕಟ್ಟಲು ಮೆದುಳಿಗೆ ಪುರಸೊತ್ತಿಲ್ಲ. ಫೋನಿನಲ್ಲಂತೂ 600 ಹರ್ಟ್ಝ್‌ವರೆಗಿನದೆಲ್ಲ ದುರ್ಬಲ. ಶ್ರುತಿಯನ್ನು ಗಟ್ಟಿಯಾಗಿ ತಿಳಿಸುವ ಮೂರನೆಯ, ನಾಲ್ಕನೆಯ, ಐದನೆಯ ಉಪಸ್ವರಗಳು 180, 240, 300ರಲ್ಲಿವೆ, ಅವೇ ಹೊರಬರುವುದಿಲ್ಲ. ಎದೆಗೆ ತಟ್ಟುವ ಒತ್ತಡ ಯಾವ ಲೆಕ್ಕದಿಂದಲೂ ಹುಟ್ಟದು, ಅದಕ್ಕೆ ಗಾಳಿಯೇ ಕದಲಬೇಕು.

ಹೀಗಾಗಿ ಡಮಾಮಿ, ಡೊಳ್ಳು ದಾಖಲಿಸುವ ನಮ್ಮ ಹುಡುಗರಿಗೆ ಒಂದು ಕೋರಿಕೆ. ಬೇಸ್ ಹೆಚ್ಚಿಸುವ ತಂತ್ರವೆಲ್ಲ ಕೇಳಿಸುವಾಗ ಇರಲಿ, ಹಿಡಿಯುವಾಗ ಬೇಡ. ಫೋನಿನ ಮೈಕು ಸ್ಪೀಕರಿಗಿಂತ ಎಷ್ಟೋ ಕೆಳಗಿನ ದನಿಯನ್ನು ಕೇಳಬಲ್ಲದು. ಆದರೆ ಮಾತಿಗೆಂದು ಬರೆದ ತಂತ್ರಾಂಶ ಗಾಳಿಯ ಸದ್ದು ತಡೆಯುವ ನೆಪದಲ್ಲಿ ತಗ್ಗು ದನಿಯನ್ನು ಕತ್ತರಿಸುತ್ತದೆ, ಜೋರಾದ ಪೆಟ್ಟು ಬಂದ ಕೂಡಲೇ ದನಿಯನ್ನು ತಾನಾಗಿ ಕುಗ್ಗಿಸುತ್ತದೆ. ಒಮ್ಮೆ ಕತ್ತರಿಸಿದ ಬೇಸನ್ನು ಆಮೇಲೆ ಯಾವ ಚಿಪ್ಪೂ ಮರಳಿ ತರಲಾರದು. ಧ್ವನಿ ಮುದ್ರಿಸುವ ಬೇರೆ ಆ್ಯಪ್ ಹಾಕಿಕೊಳ್ಳಿ, ಅದರಲ್ಲಿ ತಾನಾಗಿ ದನಿ ಹೊಂದಿಸುವ ಮತ್ತು ಗದ್ದಲ ಕಳೆಯುವ ಆಯ್ಕೆಗಳನ್ನು ಬಂದ್ ಮಾಡಿ. ಡೊಳ್ಳಿನಿಂದ ನಾಲ್ಕಾರು ಹೆಜ್ಜೆ ದೂರ ನಿಂತು, ಅತಿ ಜೋರು ಪೆಟ್ಟಿಗೂ ಅಳತೆಯ ಪಟ್ಟಿ ಕೆಂಪಿಗೆ ಹೋಗದಂತೆ ಮಟ್ಟ ತಗ್ಗಿಸಿ, ಕುಗ್ಗಿಸದ ವೇವ್ ಕಡತವಾಗಿಯೇ ಇಟ್ಟುಕೊಳ್ಳಿ. ಹಂಚುವುದಕ್ಕೆ ಬೇಕಾದರೆ ಅದರ ಪ್ರತಿ ತೆಗೆದು ಉಪಸ್ವರ ಬೆರೆಸಿ ಕಳಿಸಿ, ಮೂಲ ಕಡತವನ್ನು ಮುಟ್ಟಬೇಡಿ.